ಭೇದಿ ಹತ್ತಿದ ಕೂಸಿಗೆ ಮೊದಲು ಬೇಕಾದದ್ದು ನೀರು, ಉಪ್ಪು

ಪ್ರಶ್ನೆ: ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ. ಮಗಳಿಗೆ 14 ತಿಂಗಳು. ಹೋದ ತಿಂಗಳು ಅಂಗನವಾಡಿಯಲ್ಲಿ ತೂಗಿದಾಗ 8 ಕೆ.ಜಿ. ಇದ್ದಳು. ಮೂರು ದಿನದಿಂದ ನೀರಿನಂಥ ಭೇದಿ, ದಿನಕ್ಕೆ ಹತ್ತು-ಹನ್ನೆರಡು ಸಲ. ಮೊದಲ ದಿನ ಜ್ವರ, ವಾಂತಿ ಎರಡೂ ಇದ್ದವು. ಊರಲ್ಲಿ ತೋರಿಸಿದಾಗ ಒಂದು ಇಂಜೆಕ್ಷನ್ ಮಾಡಿ ಎರಡು ಸಿರಪ್ ಕೊಟ್ಟರು, ಕಡಿಮೆ ಆಗಿಲ್ಲ. ಅಂಗಡಿಯಿಂದ ಕಿತ್ತಳೆ ರುಚಿಯ ಡಬ್ಬಿ ತಂದು ಕುಡಿಸಿದೆ, ಅದನ್ನೂ ಕಕ್ಕುತ್ತಾಳೆ. ನಮ್ಮ ಅತ್ತಿ, ‘ಹಲ್ಲ ಬರ್ಲಿಕತ್ತಾವ, ಅದಕ್ಕ ಹಂಗ ಆಗ್ಯಾದ, ಹಾಲು ಬಂದ್ ಮಾಡು’ ಅನ್ನುತ್ತಾರೆ. ಪಕ್ಕದ ಮನೆಯವರು ಎರಡು ಬಾಟಲಿ ಸಲೈನ್ ಹಚ್ಚಿಸಿರಿ ಅನ್ನುತ್ತಾರೆ. ಏನು ಮಾಡಲಿ? ಮನೆಯಲ್ಲಿ ನಾದಿನಿಯ ಎರಡು ತಿಂಗಳ ಕೂಸೂ ಇದೆ. ಅದಕ್ಕೂ ಹತ್ತೀತೇ?

ಉತ್ತರ: ಉಳಿದದ್ದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಕೂಸನ್ನು ಬೆಳಕಿಗೆ ಎತ್ತಿಕೊಂಡು ಬಂದು ನೋಡಿ. ಕರೆದರೆ ಕಣ್ಣು ಬಿಟ್ಟು ನೋಡದಷ್ಟು ಮಂಕಾಗಿದ್ದರೆ, ಚಮಚದಿಂದ ನೀರು ಬಾಯಿಗೆ ಹಾಕಿದರೂ ನುಂಗದಿದ್ದರೆ, ಕೈಕಾಲು ತಣ್ಣಗಾಗಿದ್ದರೆ, ಮಲದಲ್ಲಿ ರಕ್ತ ಇದ್ದರೆ ಅಥವಾ ಹಸಿರು ಬಣ್ಣದ ವಾಂತಿ ಆಗುತ್ತಿದ್ದರೆ ಈಗಲೇ 108ಕ್ಕೆ ಫೋನ್ ಮಾಡಿ ಸೇಡಂ ತಾಲೂಕು ಆಸ್ಪತ್ರೆಗೆ ಹೊರಡಿ. ನುಂಗುವ ಶಕ್ತಿ ಇದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಾ ಹೋಗಿ.

ಇವು ಯಾವುವೂ ಇಲ್ಲ, ಅಳುತ್ತಾಳೆ, ನೀರು ಕಂಡರೆ ಬಾಯಿ ಚಾಚುತ್ತಾಳೆ ಅಂದರೆ ಮನೆಯಲ್ಲೇ ಮಾಡಬಹುದಾದದ್ದು ಬಹಳ ಇದೆ. ನಿಮ್ಮ ಪತ್ರದಲ್ಲಿ ಎಷ್ಟು ಸಲ ಭೇದಿ ಆಯಿತು ಎಂದು ಬರೆದಿದ್ದೀರಿ. ಎಷ್ಟು ಸಲ ಉಚ್ಚೆ ಹೊಯ್ದಳು ಎಂದು ಬರೆದಿಲ್ಲ. ನನಗೆ ಮೊದಲು ಬೇಕಾದದ್ದು ಆ ಎರಡನೆಯ ಲೆಕ್ಕ. ಇಂಥ ಭೇದಿಯನ್ನು ಔಷಧ ಹಾಕಿ ನಿಲ್ಲಿಸಲು ಬರುವುದಿಲ್ಲ. ಹೆಚ್ಚಿನದು ಐದರಿಂದ ಏಳು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟರೊಳಗೆ ಕೂಸಿನ ಮೈಯಿಂದ ಹೋಗುವ ನೀರು ಮತ್ತು ಉಪ್ಪನ್ನು ನಾವು ಹಿಂದಿರುಗಿಸುತ್ತೇವೋ ಇಲ್ಲವೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹನ್ನೆರಡು ಸಲ ಭೇದಿಯಾಗಿಯೂ ಆಡುತ್ತಿರುವ ಕೂಸು ಇರುತ್ತದೆ, ಐದೇ ಸಲಕ್ಕೆ ಕಣ್ಣು ಗುಳಿಬಿದ್ದ ಕೂಸೂ ಇರುತ್ತದೆ. ಅದರಲ್ಲೂ ಕಲಬುರಗಿ ಸೀಮೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, 42-43 ಡಿಗ್ರಿಯ ಮಧ್ಯಾಹ್ನ ತಗಡಿನ ಮಾಳಿಗೆಯ ಕೆಳಗೆ, ಭೇದಿ ಇಲ್ಲದ ಕೂಸಿನ ಮೈಯಿಂದಲೂ ಬೆವರು ಮತ್ತು ಉಸಿರಿನಲ್ಲಿ ಸಾಕಷ್ಟು ನೀರು ಹೋಗುತ್ತಿರುತ್ತದೆ.

ನೀರು ಎಷ್ಟು ಹೋಗಿದೆ ಎಂದು ನೋಡಲು ನಾಲ್ಕು ಗುರುತುಗಳು ಸಾಕು. ಆಸ್ಪತ್ರೆಯಲ್ಲಿ ನಾವೂ ನೋಡುವುದು ಇವನ್ನೇ. ಮೊದಲನೆಯದು ಕೂಸಿನ ಸ್ಥಿತಿ: ಎಂದಿನಂತಿದ್ದಾಳೋ, ಕಿರಿಕಿರಿ ಮಾಡಿ ಯಾರ ಕೈಯಲ್ಲೂ ನಿಲ್ಲುತ್ತಿಲ್ಲವೋ, ಅಥವಾ ಮಂಕಾಗಿ ಬಿದ್ದುಕೊಂಡಿದ್ದಾಳೋ. ಎರಡನೆಯದು ಕಣ್ಣು. ಕಣ್ಣು ಒಳಗೆ ಹೋಗಿದೆಯೇ ಎಂಬುದನ್ನು ತಾಯಿಗಿಂತ ಚೆನ್ನಾಗಿ ಯಾರೂ ಹೇಳಲಾರರು, ದಿನಾ ನೋಡುವ ಮುಖ ಅದು. ಮೂರನೆಯದು ಬಾಯಾರಿಕೆ. ಚಮಚ ಹತ್ತಿರ ತಂದರೆ ಆತುರದಿಂದ ಕುಡಿದು ಇನ್ನೂ ಬೇಕು ಎಂದು ಅಳುವುದು ನೀರು ಕಡಿಮೆಯಾಗಿರುವ ಲಕ್ಷಣ. ಕುಡಿಯಲು ಆಗದೇ ಹೋಗುವುದು ಬಹಳ ಕಡಿಮೆಯಾಗಿರುವ ಲಕ್ಷಣ. ‘ಈಗ ನೀರು ಕೇಳ್ತಾ ಇಲ್ಲ, ಆರಾಮ ಆಗ್ಯಾಳ’ ಎಂದು ತಿಳಿದು ಕೈಬಿಡುವುದು ಈ ಹಂತದಲ್ಲೇ. ಆದ್ದರಿಂದ ನೀರು ಕೇಳುವುದನ್ನು ನಿಲ್ಲಿಸಿದ ಕೂಸನ್ನು ಎಬ್ಬಿಸಿ ನೋಡಲೇಬೇಕು.

ನಾಲ್ಕನೆಯದು ಚರ್ಮ ಎತ್ತಿ ಬಿಡುವುದು. ಇದನ್ನು ಸರಿಯಾಗಿ ಮಾಡದಿದ್ದರೆ ತಪ್ಪು ಉತ್ತರ ಸಿಗುತ್ತದೆ, ಹಾಗಾಗಿ ವಿವರವಾಗಿ ಹೇಳುತ್ತೇನೆ. ಕೂಸನ್ನು ಅಂಗಾತ ಮಲಗಿಸಿ, ಕೈಗಳು ಪಕ್ಕಕ್ಕೆ, ಕಾಲು ನೇರಕ್ಕೆ ಇರಲಿ. ಹೊಕ್ಕಳು ಮತ್ತು ಪಕ್ಕೆಯ ನಡುವಿನ ಜಾಗದಲ್ಲಿ ಹೆಬ್ಬೆರಳು, ತೋರುಬೆರಳುಗಳಿಂದ ಚರ್ಮವನ್ನು ಅದರ ಕೆಳಗಿನ ಪದರ ಸಮೇತ ಎತ್ತಿ ಹಿಡಿಯಿರಿ. ಉಗುರು ತಾಗಬಾರದು. ಎತ್ತಿದ ಮಡಿಕೆ ತಲೆಯಿಂದ ಕಾಲಿನ ಕಡೆಗೆ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಒಂದು ಸೆಕೆಂಡು ಹಿಡಿದು ಬಿಡಿ. ತಕ್ಷಣ ಸಮವಾದರೆ ಸರಿ. ಕ್ಷಣಕಾಲ ಮಡಿಕೆ ನಿಂತು ಮೆಲ್ಲಗೆ ಇಳಿದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಆಸ್ಪತ್ರೆಗೆ ಹೊರಡಬೇಕು. ಬಹಳ ಸೊರಗಿದ ಕೂಸಿನಲ್ಲಿ ಚರ್ಮದ ಕೆಳಗೆ ಕೊಬ್ಬು ಇರುವುದಿಲ್ಲ, ಹಾಗಾಗಿ ನೀರು ಸರಿಯಾಗಿದ್ದರೂ ಮಡಿಕೆ ನಿಲ್ಲುತ್ತದೆ. ದಪ್ಪನೆಯ ಕೂಸಿನಲ್ಲಿ ನೀರು ಹೋಗಿದ್ದರೂ ಚರ್ಮ ಬೇಗ ಸಮವಾಗುತ್ತದೆ. ಒಂದೇ ಗುರುತು ನೋಡಿ ನಿರ್ಧರಿಸಬೇಡಿ. ನಾಲ್ಕರಲ್ಲಿ ಎರಡು ಕೂಡಿ ಬಂದರೆ ಆ ಹಂತ ಎಂದು ಲೆಕ್ಕ.

ನೆತ್ತಿ ಒಳಗೆ ಹೋಗಿದೆ ಎಂದು ಎಣ್ಣೆ ಹಚ್ಚಿ ಒತ್ತಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. 14 ತಿಂಗಳಿಗೆ ಕೆಲವು ಮಕ್ಕಳ ನೆತ್ತಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಮೈಯಲ್ಲಿ ನೀರು ಇಳಿದಾಗ ಅದು ಗುಳಿ ಬೀಳುತ್ತದೆ. ಹಿರಿಯರು ಗುರುತಿಸಿದ್ದು ಸರಿಯಾದ ಗುರುತನ್ನೇ. ನೀರು ಒಳಗೆ ಹೋದರೆ ನೆತ್ತಿ ತಾನಾಗಿ ಸಮವಾಗುತ್ತದೆ, ಒತ್ತುವುದರಿಂದ ಅಲ್ಲ. ಹೊಟ್ಟೆಗೆ ಬರೆ ಹಾಕಿಸುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಸೊರಗಿದ ಕೂಸಿಗೆ ಸುಟ್ಟ ಗಾಯವೂ ಸೇರುತ್ತದೆ, ಆ ಗಾಯದಿಂದ ಸೋಂಕು ರಕ್ತಕ್ಕೆ ಏರಬಹುದು, ಆಸ್ಪತ್ರೆಗೆ ಹೋಗಬೇಕಾದ ಹೊತ್ತೂ ಕಳೆದುಹೋಗುತ್ತದೆ.

ಉಚ್ಚೆಯ ಲೆಕ್ಕ ಹೆಣ್ಣುಕೂಸಿನಲ್ಲಿ ತೊಡಕಿನದು. ನೀರಿನಂಥ ಮಲ, ಉಚ್ಚೆ ಎರಡೂ ಒಂದೇ ಬಟ್ಟೆಯಲ್ಲಿ ಬೆರೆಯುತ್ತವೆ. ಡೈಪರ್ ಬಿಚ್ಚಿ ಬಿಳಿ ಹತ್ತಿ ಬಟ್ಟೆ ಹಾಸಿ, ಮಲವಾದ ತಕ್ಷಣ ಬದಲಿಸುತ್ತಾ ಬನ್ನಿ. ಮಲದ ಕಲೆ ಇಲ್ಲದೆ ಬರಿ ಒದ್ದೆಯಾದ ಬಟ್ಟೆ ಸಿಕ್ಕರೆ ಅದು ಉಚ್ಚೆ. ಆರೇಳು ಗಂಟೆಯಲ್ಲಿ ಅಂಥ ಒಂದೂ ಬಟ್ಟೆ ಸಿಗದಿದ್ದರೆ ಮನೆಯಲ್ಲಿ ಕಾಯಬೇಡಿ. ಅಂಗನವಾಡಿಯ ತಕ್ಕಡಿ ಹತ್ತಿರವಿದ್ದರೆ ಇವತ್ತೇ ತೂಗಿಸಿ. 8 ಕೆ.ಜಿ. ಕೂಸು 400 ಗ್ರಾಂ ಇಳಿದಿದ್ದರೆ ಮೈತೂಕದ ನೂರಕ್ಕೆ ಐದರಷ್ಟು ನೀರು ಹೋಗಿದೆ ಎಂದು ಅರ್ಥ, ಕಣ್ಣಿಗೆ ಕಾಣುವ ಲಕ್ಷಣಗಳು ಶುರುವಾಗುವುದೇ ಅಲ್ಲಿಂದ.

ಇನ್ನು ಓಆರ್‌ಎಸ್. ನೀವು ತಂದ ಕಿತ್ತಳೆ ರುಚಿಯ ಡಬ್ಬಿ ಓಆರ್‌ಎಸ್ ಆಗಿರಲಾರದು ಎಂದು ನನ್ನ ಅನುಮಾನ. ಹೆಸರಿನಲ್ಲಿ ಆ ಮೂರಕ್ಷರ ಸೇರಿಸಿಕೊಂಡು ಸಿಹಿ ಪಾನೀಯಗಳನ್ನು ವರ್ಷಗಟ್ಟಲೆ ಮಾರಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಕೂಡದು ಎಂದು ಆದೇಶಿಸಿತು. ಆದರೂ ಅಂಗಡಿಯವರು ಕೊಟ್ಟದ್ದನ್ನು ನಂಬದೆ ಹಿಂಬದಿ ಓದಿ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲುಕೋಸ್ 13.5 ಗ್ರಾಂ. ಈ ನಾಲ್ಕು ಅಂಕಿ ಇದ್ದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವುದೂ ಇದೇ. ಅದಕ್ಕಿಂತ ಒಳ್ಳೆಯದು ಮೆಡಿಕಲ್‌ನಲ್ಲಿ ಸಿಗುವುದಿಲ್ಲ.

ಈ ಅಳತೆ ಯಾಕೆ ಇಷ್ಟು ಮುಖ್ಯ? ಸೋಂಕು ತಗುಲಿದ ಕರುಳು ಎಷ್ಟೋ ಕೆಲಸ ನಿಲ್ಲಿಸಿದ್ದರೂ ಒಂದು ಕೆಲಸವನ್ನು ಬಿಟ್ಟಿರುವುದಿಲ್ಲ. ಗ್ಲುಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಬರೀ ನೀರು ಕೊಟ್ಟರೆ ಹೋದ ಉಪ್ಪು ಹಿಂದಿರುಗುವುದಿಲ್ಲ. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲೇ ಉಳಿದು ಮೈಯ ನೀರನ್ನು ಹೊರಗೆ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಸಿಹಿ ಡಬ್ಬಿ, ಗ್ಲುಕೋಸ್ ಪುಡಿಯ ನೀರು, ಕೂಲ್‌ಡ್ರಿಂಕ್ಸ್, ಹಣ್ಣಿನ ರಸದ ಪ್ಯಾಕೆಟ್ ಎಲ್ಲವೂ ಮಾಡುವುದು ಇದನ್ನೇ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಕಡಿಮೆ. ನಡುವೆ ಒಂದಿಷ್ಟು ಕೊಡಬಹುದು, ಓಆರ್‌ಎಸ್ ಬದಲಿಗೆ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದು ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲುಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ಮನೆಯವರ ಕೈಯಿಂದಲೇ ಕುಡಿಸಿ ಸಾವುಗಳನ್ನು ಬಹಳಷ್ಟು ತಗ್ಗಿಸಿದರು. ಈಗ ನೀವು ಮಾಡಬೇಕಾದದ್ದೂ ಅದೇ ಕೆಲಸ.

ಕಲಸುವಾಗ ಆಗುವ ತಪ್ಪುಗಳು ನನಗೆ ಔಷಧಕ್ಕಿಂತ ಹೆಚ್ಚು ಚಿಂತೆಯ ವಿಷಯ. ಒಂದು ಲೀಟರಿನ ಪ್ಯಾಕೆಟ್ ಬಿಚ್ಚಿ ದಿನಕ್ಕೆ ಎರಡು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕುವುದು ಬಹಳ ಕಡೆ ನಡೆಯುತ್ತದೆ. ಪ್ಯಾಕೆಟ್ಟಿನೊಳಗೆ ಉಪ್ಪು, ಗ್ಲುಕೋಸ್ ಒಂದೇ ಸಮ ಬೆರೆತಿರುವುದಿಲ್ಲ, ಒಂದು ಚಮಚದಲ್ಲಿ ಉಪ್ಪೇ ಹೆಚ್ಚು ಬಂದೀತು. ಮೇಲಾಗಿ ನೀರು ಕಡಿಮೆಯಾದರೆ ರಕ್ತದಲ್ಲಿ ಸೋಡಿಯಂ ಏರಿ ಕೂಸಿಗೆ ಝಟಕಾ (ಫಿಟ್ಸ್) ಬರುವವರೆಗೂ ಹೋಗುತ್ತದೆ. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೆ ಪೂರ್ತಿ ಪುಡಿ ಒಮ್ಮೆಗೇ ಹಾಕಿ. ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ಅಳತೆ ಪಾತ್ರೆ ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿಯೇ ಅಳತೆ. ನೀರನ್ನು ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಪುಡಿ ಹಾಕಿ. ಕಲಸಿದ್ದನ್ನು ಮತ್ತೆ ಕಾಯಿಸಬಾರದು. ಸಕ್ಕರೆ, ಲಿಂಬಿ, ಹಾಲು ಏನೂ ಬೆರೆಸಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ ಹೊಸದು ಕಲಸಿ.

ನಮ್ಮ ಭಾಗಕ್ಕೇ ಸಂಬಂಧಪಟ್ಟ ಮಾತೊಂದಿದೆ. ಬೋರಿನ ನೀರು ಸವಳಾಗಿದ್ದರೆ ಅದರಲ್ಲಿ ಓಆರ್‌ಎಸ್ ಕಲಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಪ್ಪಿನ ಪ್ರಮಾಣ ಏರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಕೂಸಿಗೆಂದೇ ಬೇರೆ ಇಡಿ. ಕಲಸಿದ ಓಆರ್‌ಎಸ್ ರುಚಿ ಕಣ್ಣೀರಿನಷ್ಟು ಉಪ್ಪಾಗಿರಬೇಕು, ಅದಕ್ಕಿಂತ ಉಪ್ಪಾದರೆ ಕೊಡಬೇಡಿ.

ಪ್ಯಾಕೆಟ್ ಸಿಗದ ರಾತ್ರಿ ಏನು ಮಾಡುವುದು? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಔಷಧದ 5 ಮಿ.ಲೀ. ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪನ್ನು ಯಾವ ಕಾರಣಕ್ಕೂ ಅದಕ್ಕಿಂತ ಹೆಚ್ಚು ಹಾಕಬೇಡಿ. ಬೆಳಗಾದ ಮೇಲೆ ಪ್ಯಾಕೆಟ್ ತರಿಸಿ. ಉಪ್ಪು ಹಾಕಿದ ತೆಳು ಮಜ್ಜಿಗೆ, ಅಕ್ಕಿ ಗಂಜಿ, ಜೋಳದ ಅಂಬಲಿಯ ತಿಳಿ ಕೂಡ ಅಷ್ಟು ಹೊತ್ತು ನಡೆಯುತ್ತದೆ.

ಎಷ್ಟು ಕೊಡಬೇಕು? ನೀರು ಕಡಿಮೆಯಾದ ಲಕ್ಷಣ ಇಲ್ಲದಿದ್ದರೆ ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ನಿಮ್ಮ ಮಗಳಿಗೆ ಕಣ್ಣು ಗುಳಿಬಿದ್ದಿದ್ದರೆ, ಆತುರದ ಬಾಯಾರಿಕೆ ಇದ್ದರೆ ಲೆಕ್ಕ ಬೇರೆ: ಕಿಲೋ ತೂಕಕ್ಕೆ 75 ಮಿ.ಲೀ.ನಂತೆ ನಾಲ್ಕು ಗಂಟೆಯಲ್ಲಿ. 8 ಕೆ.ಜಿ.ಗೆ 600 ಮಿ.ಲೀ. ಅಷ್ಟು ಹೇಗೆ ಕುಡಿಸಲಿ ಎಂದು ಗಾಬರಿಯಾಗಬೇಡಿ, ಎರಡು ನಿಮಿಷಕ್ಕೊಮ್ಮೆ 5 ಮಿ.ಲೀ.ಯ ಒಂದು ಚಮಚ ಹಾಕಿದರೆ ನಾಲ್ಕು ಗಂಟೆಗೆ ಸರಿಯಾಗಿ 600 ಆಗುತ್ತದೆ. ಒಬ್ಬರಿಂದ ಆಗುವ ಕೆಲಸ ಅಲ್ಲ ಇದು. ಒಂದು ತಾಸು ನೀವು, ಒಂದು ತಾಸು ನಿಮ್ಮ ಯಜಮಾನರು, ಒಂದು ತಾಸು ನಿಮ್ಮ ಅತ್ತಿ ಕೂತುಕೊಳ್ಳಲಿ. ಈ ನಾಲ್ಕು ಗಂಟೆಯನ್ನು ಸಾಧ್ಯವಾದರೆ ಆರೋಗ್ಯ ಕೇಂದ್ರದಲ್ಲೇ, ನರ್ಸಿನ ಕಣ್ಣೆದುರು ಕಳೆಯುವುದು ಒಳ್ಳೆಯದು. ಇನ್ನೂ ಬೇಕೆಂದರೆ ಕೊಡಿ. ರೆಪ್ಪೆ ಊದಿದರೆ ಅಳತೆ ಮೀರಿದೆ ಎಂದು ಅರ್ಥ, ಓಆರ್‌ಎಸ್ ನಿಲ್ಲಿಸಿ ಎದೆಹಾಲು ಮತ್ತು ನೀರು ಕೊಡಿ. ನಾಲ್ಕು ಗಂಟೆಯಾದ ಮೇಲೆ ಮೇಲಿನ ನಾಲ್ಕು ಗುರುತುಗಳನ್ನು ಮತ್ತೆ ನೋಡಿ.

ಕಕ್ಕುತ್ತಾಳೆ ಎಂದಿರಿ. ಬಾಯಾರಿದ ಕೂಸು ಲೋಟವನ್ನೇ ಎಳೆದುಕೊಂಡು ಗಟಗಟನೆ ಕುಡಿಯುತ್ತದೆ, ಕೆರಳಿದ ಹೊಟ್ಟೆ ಒಮ್ಮೆಗೇ ಹಿಗ್ಗಿ ಎಲ್ಲವನ್ನೂ ಹೊರಹಾಕುತ್ತದೆ. ಹಾಲಿನ ಬಾಟಲಿಯಲ್ಲಿ ಕೊಟ್ಟರೂ ಹೀಗೇ. ಕಕ್ಕಿದ ಮೇಲೆ ಹತ್ತು ನಿಮಿಷ ಬಿಡಿ. ಆಮೇಲೆ ಎರಡು-ಮೂರು ನಿಮಿಷಕ್ಕೆ ಒಂದೇ ಚಮಚ, ಅವಳು ಅತ್ತು ಕೇಳಿದರೂ ಒಂದೇ. ಅರ್ಧ ತಾಸು ಉಳಿದರೆ ಸ್ವಲ್ಪ ಬೇಗ ಬೇಗ ಕೊಡಿ. ಕಕ್ಕಿದ್ದು ಕಣ್ಣಿಗೆ ಬಹಳ ಕಾಣುತ್ತದೆ, ಆದರೆ ಕುಡಿದದ್ದರಲ್ಲಿ ಒಂದು ಪಾಲು ಒಳಗೆ ಹೋಗಿಯೇ ಇರುತ್ತದೆ. ಇಷ್ಟು ಮಾಡಿಯೂ ನಿಲ್ಲದಿದ್ದರೆ ವೈದ್ಯರು ತೂಕ ನೋಡಿ ಒಂಡಾನ್‌ಸೆಟ್ರಾನ್ ಒಂದು ಡೋಸ್ ಕೊಡುತ್ತಾರೆ, ಬಾಯಿಯಿಂದಲೇ. ಮೆಟೊಕ್ಲೊಪ್ರಮೈಡ್ ಇರುವ ಹಳೆಯ ವಾಂತಿ ಔಷಧ ಸಣ್ಣ ಮಕ್ಕಳಲ್ಲಿ ಕತ್ತು ತಿರುಚಿಕೊಳ್ಳುವಂತೆ ಮಾಡಬಲ್ಲದು, ಮನೆಯಲ್ಲಿ ಉಳಿದ ಬಾಟಲಿಯಿಂದ ಹಾಕಬೇಡಿ.

ಝಿಂಕ್ ಬಗ್ಗೆ ನೀವು ಬರೆದೇ ಇಲ್ಲ, ಯಾರೂ ಕೊಟ್ಟಿಲ್ಲವೆಂದು ತೋರುತ್ತದೆ. ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿ.ಗ್ರಾಂ., 14 ದಿನ. 20 ಮಿ.ಗ್ರಾಂ. ಮಾತ್ರೆಯನ್ನು ಚಮಚದಲ್ಲಿಟ್ಟು ಸ್ವಲ್ಪ ಎದೆಹಾಲು ಅಥವಾ ನೀರು ಹಾಕಿದರೆ ಒಂದು ನಿಮಿಷದಲ್ಲಿ ಕರಗುತ್ತದೆ. ಸಿರಪ್ ಆದರೆ 5 ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ. ಎಂದು ಓದಿ, ಎಲ್ಲ ಕಂಪನಿಯದೂ ಒಂದೇ ಅಲ್ಲ. ಅರ್ಧ ಗಂಟೆಯೊಳಗೆ ಕಕ್ಕಿದರೆ ಮತ್ತೊಮ್ಮೆ ಕೊಡಿ. ಭೇದಿ ನಾಲ್ಕನೆಯ ದಿನ ನಿಂತ ಕೂಡಲೇ ಮಾತ್ರೆಯ ಪಟ್ಟಿಯನ್ನು ಮೇಲೆತ್ತಿಡುವುದು ಎಲ್ಲ ಮನೆಗಳಲ್ಲೂ ಆಗುತ್ತದೆ. ಹದಿನಾಲ್ಕೂ ದಿನ ಮುಗಿಸಿ. ಭೇದಿಯಲ್ಲಿ ಕಳೆದುಹೋದ ಝಿಂಕ್ ತುಂಬಿದರೆ ಕರುಳಿನ ಒಳಪದರ ಬೇಗ ಕೂಡಿಕೊಳ್ಳುತ್ತದೆ, ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿ ಬರುವ ಸಂಭವವೂ ತಗ್ಗುತ್ತದೆ.

ಈಗ ನಿಮ್ಮ ಎರಡು ಸಿರಪ್‌ಗಳು. ಹೆಸರು ಬರೆದಿಲ್ಲ, ಆದ್ದರಿಂದ ಬಾಟಲಿ ನೋಡಿ ನೀವೇ ಹೊಂದಿಸಿಕೊಳ್ಳಿ. ಆಫ್ಲೊಕ್ಸಾಸಿನ್-ಆರ್ನಿಡಝೋಲ್ ಎಂಬ ಜೋಡಿ ಆಗಿದ್ದರೆ ರಕ್ತವಿಲ್ಲದ ನೀರುಭೇದಿಗೆ ಅದು ಬೇಕಿಲ್ಲ. ಈ ವಯಸ್ಸಿನ ನೀರುಭೇದಿ ಹೆಚ್ಚಾಗಿ ವೈರಸ್ಸಿನದು, ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಭೇದಿಯನ್ನೇ ಹೆಚ್ಚಿಸಬಹುದು. ರಕ್ತಭೇದಿ, ಕಾಲರಾದ ಅನುಮಾನ, ರಕ್ತಕ್ಕೆ ಸೋಂಕು ಏರಿದ ಲಕ್ಷಣ ಇದ್ದಾಗ ಆಂಟಿಬಯಾಟಿಕ್ ಬೇಕು, ಅದನ್ನು ನೋಡಿದ ವೈದ್ಯರು ಆರಿಸುತ್ತಾರೆ. ಲೊಪೆರಮೈಡ್ ಇದ್ದರೆ ತಕ್ಷಣ ನಿಲ್ಲಿಸಿ. ಅದು ಕರುಳಿನ ಚಲನೆಯನ್ನೇ ತಡೆಯುತ್ತದೆ. ಹೊರಗೆ ಭೇದಿ ನಿಂತಂತೆ ಕಾಣುತ್ತದೆ, ಒಳಗೆ ನೀರು ತುಂಬುತ್ತಿರುತ್ತದೆ, ಹೊಟ್ಟೆ ಉಬ್ಬುತ್ತದೆ, ಕೂಸು ಮಂಕಾಗುತ್ತದೆ. ಸಣ್ಣ ಮಕ್ಕಳಿಗೆ ಅದು ಅಪಾಯದ ಔಷಧ. ಪ್ರೊಬಯಾಟಿಕ್ ಪುಡಿಯಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಹೇಳಿಕೊಳ್ಳುವಷ್ಟು ಲಾಭವೂ ಇಲ್ಲ. ಆ ದುಡ್ಡಿನಲ್ಲಿ ಬಾಳೆಹಣ್ಣು, ಮೊಸರು ತನ್ನಿ.

ಜ್ವರ ಮತ್ತೆ ಬಂದರೆ ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ.ನಂತೆ, ನಿಮ್ಮ ಮಗಳಿಗೆ ಒಂದು ಸಲಕ್ಕೆ 120 ಮಿ.ಗ್ರಾಂ. ಬಾಟಲಿಯ ಮೇಲೆ 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ. ಎಂದಿದ್ದರೆ 2.4 ಮಿ.ಲೀ., 120 ಎಂದಿದ್ದರೆ 5 ಮಿ.ಲೀ. ಆರು ಗಂಟೆಯ ಅಂತರ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಇರುವ ಸಿರಪ್ ಈಗ ಬೇಡ. ಮೈಯಲ್ಲಿ ನೀರು ಇಳಿದಿರುವಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ನಿಮ್ಮ ಅತ್ತಿಯವರಿಗೆ ಹೀಗೆ ಹೇಳಿ: ಆರನೆಯ ತಿಂಗಳಿನಿಂದ ಎರಡೂವರೆ ವರ್ಷದವರೆಗೆ ಒಂದಲ್ಲ ಒಂದು ಹಲ್ಲು ಬರುತ್ತಲೇ ಇರುತ್ತದೆ, ಆದ್ದರಿಂದ ಆ ವಯಸ್ಸಿನ ಯಾವ ಕಾಯಿಲೆ ಬಂದರೂ ಹಲ್ಲಿನ ಜೊತೆಗೇ ಬಂದಂತೆ ಕಾಣುತ್ತದೆ. ಹಲ್ಲು ಬರುವಾಗ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ನೆಲದ ಕೊಳೆ ಹೊಟ್ಟೆ ಸೇರುವುದು ಹಾಗೆ. ಹಲ್ಲಿನಿಂದ ದಿನಕ್ಕೆ ಹನ್ನೆರಡು ಸಲ ನೀರುಭೇದಿ ಆಗುವುದಿಲ್ಲ.

ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ, ಎಂದಿಗಿಂತ ಹೆಚ್ಚು ಸಲ ಕೊಡಿ. ಎಮ್ಮೆಯ ಹಾಲು ರೂಢಿಯಿದ್ದರೆ ನೀರು ಬೆರೆಸದೆ, ಬಾಟಲಿ ಬಿಟ್ಟು ಲೋಟ-ಚಮಚದಲ್ಲಿ ಕೊಡಿ. ಊಟ ನಿಲ್ಲಿಸಿದರೆ ಕರುಳಿನ ಒಳಪದರ ಕೂಡಿಕೊಳ್ಳಲು ಬೇಕಾದ ಸಾಮಗ್ರಿಯೇ ಸಿಗುವುದಿಲ್ಲ, ಭೇದಿ ಎಳೆಯುತ್ತದೆ, ತೂಕ ಇಳಿಯುತ್ತದೆ, ಸೊರಗಿದ ಕೂಸಿಗೆ ಮತ್ತೆ ಭೇದಿ ಬರುತ್ತದೆ. ನೀರು ತುಂಬಿಸುವ ಆ ನಾಲ್ಕು ಗಂಟೆ ಮುಗಿದ ಕೂಡಲೇ ಊಟ ಶುರುವಾಗಲಿ. ಮೆತ್ತಗೆ ಬೇಯಿಸಿದ ಅನ್ನಕ್ಕೆ ತೊಗರಿಬೇಳೆ ಕಲಸಿ ಒಂದು ಚಮಚ ತುಪ್ಪ ಹಾಕಿ. ಕಿಚಡಿ, ಮೊಸರನ್ನ, ಕಿವುಚಿದ ಬಾಳೆಹಣ್ಣು, ಜೋಳದ ನುಚ್ಚು ನಡೆಯುತ್ತವೆ. ಬರೀ ಗಂಜಿಯ ತಿಳಿ ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುವುದಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಬೇಡ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ.

ಸಲೈನ್ ವಿಷಯಕ್ಕೆ ಬರುತ್ತೇನೆ. ಕುಡಿಯಬಲ್ಲ ಕೂಸಿಗೆ ಅದು ಬೇಡ. ಓಆರ್‌ಎಸ್ ಅಷ್ಟೇ ಕೆಲಸ ಮಾಡುತ್ತದೆ, ಸೂಜಿಯ ಸೋಂಕಿನ, ರಕ್ತನಾಳ ಊದಿಕೊಳ್ಳುವ ಭಯ ಇಲ್ಲ. ನೀರು ತೀರಾ ಹೋಗಿ ಮಂಕಾದ ಕೂಸಿಗೆ ಅದೇ ಪ್ರಾಣ ಉಳಿಸುವುದು, ಆಗ ತಡಮಾಡಬಾರದು. ಆ ಹೊತ್ತಿನಲ್ಲಿ ಬೇಕಾದದ್ದು ರಿಂಗರ್ ಲ್ಯಾಕ್ಟೇಟ್, ಅದಿಲ್ಲದಿದ್ದರೆ ನಾರ್ಮಲ್ ಸಲೈನ್. ಒಂದು ವರ್ಷ ದಾಟಿದ ಕೂಸಿಗೆ ಕಿಲೋಗೆ 30 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲಿ, ಉಳಿದ 70 ಮಿ.ಲೀ. ಮುಂದಿನ ಎರಡೂವರೆ ಗಂಟೆಯಲ್ಲಿ. 8 ಕೆ.ಜಿ.ಗೆ 240, ಆಮೇಲೆ 560. ಹೀಗೆ ಇದು ತೂಕ, ಸಮಯದ ಲೆಕ್ಕ, ಬಾಟಲಿಯ ಲೆಕ್ಕ ಅಲ್ಲ. ಬರೀ 5% ಡೆಕ್ಸ್‌ಟ್ರೋಸ್, ಅಂದರೆ ಜನ ಗ್ಲುಕೋಸ್ ಬಾಟಲಿ ಎನ್ನುವುದು, ಇಲ್ಲಿ ಬಳಸುವಂಥದ್ದಲ್ಲ. ಅದರಲ್ಲಿ ಉಪ್ಪಿಲ್ಲ, ರಕ್ತದ ಸೋಡಿಯಂ ಇಳಿದು ಝಟಕಾ ಬರಬಹುದು. ತೀವ್ರವಾಗಿ ಸೊರಗಿದ ಕೂಸಿಗೆ ಸಲೈನ್ ಬೇಗ ಏರಿಸಿದರೆ ಹೃದಯಕ್ಕೆ ತಾಳಲಾಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾರಲ್ಲ, 11.5 ಸೆಂ.ಮೀ.ಗಿಂತ ಕಡಿಮೆ ಬಂದು ಕೆಂಪು ತೋರಿಸಿದರೆ ಆ ಕೂಸನ್ನು ಮೊದಲ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಂಥ ಮಕ್ಕಳ ಓಆರ್‌ಎಸ್ ಲೆಕ್ಕವೂ ಬೇರೆ. ತಾಲೂಕು ಆಸ್ಪತ್ರೆಯಿಂದ ಮುಂದೆ ಕಳಿಸಿದರೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್.

ಭೇದಿಯಂತೆ ಕಂಡರೂ ಬೇರೆಯೇ ಆಗಿರುವ ಕೆಲವನ್ನು ಗುರುತಿಟ್ಟುಕೊಳ್ಳಿ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಕಾಲು ಮಡಚಿ ಚೀರಿ ಅತ್ತು, ನಡುವೆ ಬಿಳಿಚಿಕೊಂಡು ಸುಮ್ಮನಾಗಿ, ಕೆಂಪು ಲೋಳೆಯಂಥ ಮಲ ಹೋದರೆ ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಎರಡು ವರ್ಷದೊಳಗಿನ ಮಕ್ಕಳಲ್ಲೇ ಇದು ಹೆಚ್ಚು, ಅದೇ ದಿನ ಸರ್ಜನ್ ನೋಡಬೇಕು. ಅಕ್ಕಿ ತೊಳೆದ ನೀರಿನಂಥ ಮಲ ಧಾರೆಯಾಗಿ ಹೋದರೆ, ಓಣಿಯಲ್ಲಿ ದೊಡ್ಡವರಿಗೂ ಭೇದಿ ಹತ್ತಿದ್ದರೆ ಕಾಲರಾ ಇರಬಹುದು, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಲರಾ ಏಳುವುದು ಹೆಚ್ಚಾಗಿ ಮೊದಲ ಮಳೆಗೆ, ಒಡೆದ ಪೈಪಿನೊಳಗೆ ಚರಂಡಿ ನೀರು ಸೇರುವ ಹೊತ್ತಿನಲ್ಲಿ. ಉಸಿರು ಆಳವಾಗಿ, ನಿಮಿಷಕ್ಕೆ 40 ಮೀರಿ ಆಡುತ್ತಿದ್ದರೆ, ಮೈ ಒಣಗಿ ಸುಡುತ್ತಿದ್ದರೆ, ಝಟಕಾ ಬಂದರೆ ಮನೆಯ ಚಿಕಿತ್ಸೆ ಸಾಲದು. 14 ದಿನ ದಾಟಿದ ಭೇದಿಯನ್ನೂ ತಜ್ಞರು ನೋಡಬೇಕು.

ಕೊನೆಗೆ ನಿಮ್ಮ ನಾದಿನಿಯ ಕೂಸು. ಹತ್ತುವ ಸಂಭವ ಖಂಡಿತ ಇದೆ. ನಿಮ್ಮ ಮಗಳ ಮಲ ತೊಳೆದ ಕೈಯಿಂದಲೇ ಅದು ಹರಡುತ್ತದೆ. ಎರಡೂ ಕೂಸುಗಳ ಬಟ್ಟೆ, ಚಮಚ ಬೇರೆ ಇರಲಿ. ಮಲವನ್ನು ಸಂಡಾಸಿಗೆ ಹಾಕಿ, ಪ್ರತಿ ಸಲ ಸಾಬೂನಿನಿಂದ ಉಗುರಿನ ಸಂದಿಯವರೆಗೆ ಕೈ ತೊಳೆಯಿರಿ. ಆ ಕೂಸಿಗೆ ಎದೆಹಾಲು ಬಿಟ್ಟು ನೀರು, ಜೇನು, ಗುಟ್ಟಿ ಏನೂ ಬೇಡ. 42 ಡಿಗ್ರಿ ಬಿಸಿಲಿನಲ್ಲೂ ಆರು ತಿಂಗಳವರೆಗೆ ಎದೆಹಾಲಿನ ನೀರೇ ಸಾಕು, ಹಾಲು ಕೊಡುವ ತಾಯಿ ಮಾತ್ರ ಹೆಚ್ಚು ನೀರು ಕುಡಿಯಬೇಕು. ರೋಟಾ ವೈರಸ್ ಲಸಿಕೆ 2016ರಿಂದ ಸರ್ಕಾರದ ಲಸಿಕೆ ಪಟ್ಟಿಗೆ ಹಂತಹಂತವಾಗಿ ಸೇರಿದೆ, 6, 10 ಮತ್ತು 14ನೆಯ ವಾರಕ್ಕೆ ಬಾಯಿಯಲ್ಲಿ ಹಾಕುತ್ತಾರೆ, ಪುಕ್ಕಟೆ. ಎರಡು ತಿಂಗಳು ಅಂದರೆ ಮೊದಲ ಡೋಸ್ ಆಗಿರಬೇಕಿತ್ತು. ತಾಯಿ ಕಾರ್ಡ್ ತೆಗೆದು ನೋಡಿ, ಆಗಿಲ್ಲದಿದ್ದರೆ ಮುಂದಿನ ಲಸಿಕೆ ದಿನ ಬಿಡಬೇಡಿ. ಎಲ್ಲ ಭೇದಿಯನ್ನೂ ಅದು ತಡೆಯುವುದಿಲ್ಲ, ರೋಟಾದ ತೀವ್ರ ಭೇದಿಯಿಂದ ಬಹುಮಟ್ಟಿಗೆ ಕಾಯುತ್ತದೆ. ಎದೆಹಾಲಿನ ಕೂಸು ದಿನಕ್ಕೆ ಏಳೆಂಟು ಸಲ ಹಳದಿ, ಮೊಸರೊಡೆದಂಥ ಮಲ ಮಾಡುವುದು ಸಹಜ. ಅದು ಇದ್ದಕ್ಕಿದ್ದಂತೆ ನೀರಾದರೆ, ಹಾಲು ಎಳೆಯುವುದು ಕಡಿಮೆಯಾದರೆ, ಮೈ ಬಿಸಿಯಾದರೆ ನಿಮ್ಮ ಮಗಳ ವಿಷಯದಲ್ಲಿ ಕಾದಷ್ಟು ಹೊತ್ತು ಮನೆಯಲ್ಲಿ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸನ್ನು ಅದೇ ದಿನ ವೈದ್ಯರು ನೋಡಬೇಕು, ದಾರಿಯಲ್ಲಿ ಎದೆಹಾಲು ಮತ್ತು ಚಮಚದಲ್ಲಿ ಓಆರ್‌ಎಸ್ ನಡೆಯುತ್ತಿರಲಿ. ಆ ವಯಸ್ಸಿಗೆ ಝಿಂಕ್ 10 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ.